ಗ್ಯಾಸ್ ತೀರುವುದಿಲ್ಲ

ಏಪ್ರಿಲ್ 15, 2025, ಮಂಗಳವಾರ. ಸೇಡಂ

ಅಪ್ಪನ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಕಲಬುರಗಿ ಬಿಡುವ ಮೊದಲೇ ಕಾರಿನ ಎಸಿ ಬಿಸಿಗಾಳಿ ಊದತೊಡಗಿತು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ‘ತಮ್ಮಾ, ಒಲಿ ಮುಂದ ಕುಂತಂಗ ಆಗ್ಯಾದ, ಕಿಟಕಿ ತೆಗಿ’ ಅಂದರು. ತೆಗೆದರೆ ಅದಕ್ಕಿಂತ ಬಿಸಿ, ಜೊತೆಗೆ ಸಿಮೆಂಟ್ ಲಾರಿಗಳ ಧೂಳು.

ಡಯಾಲಿಸಿಸ್ ಆದ ದಿನ ಅವರ ಬಿಪಿ ಇಳಿದಿರುತ್ತದೆ. ಸೆಕೆಗೆ ರಕ್ತನಾಳಗಳು ಹಿಗ್ಗಿದರೆ ಇನ್ನೂ ಇಳಿಯುತ್ತದೆ. ಬಾಯಾರಿತೆಂದು ಬೇಕಾದಷ್ಟು ನೀರು ಕೊಡುವಂತಿಲ್ಲ, ದಿನಕ್ಕೆ ಇಷ್ಟೇ ಎಂದು ಡಾಕ್ಟರು ಅಳತೆ ಹಾಕಿದ್ದಾರೆ. ಮಳಖೇಡದ ಹತ್ತಿರ ನೆರಳಲ್ಲಿ ನಿಲ್ಲಿಸಿ ತಲೆಗೆ ಒದ್ದೆ ಟವೆಲ್ ಹಾಕಿದೆ. ಎಸಿಯನ್ನು ಶೋಕಿ ಅನ್ನುವವರು ಈ ದಾರಿಯಲ್ಲಿ ಒಮ್ಮೆ ಅಪ್ಪನ ಪಕ್ಕ ಕೂಡಬೇಕು. ಶುಕ್ರವಾರ ಮತ್ತೆ ಹೋಗಬೇಕು. ಅಷ್ಟರೊಳಗೆ ರಿಪೇರಿ ಆಗಲೇಬೇಕು.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದೆ. ಕಾರಿನೊಳಗೆ ಬರುವ ಗಾಳಿಯ ರಭಸಕ್ಕೆ ಕೊರತೆಯಿಲ್ಲ, ಅಂದರೆ ಬ್ಲೋವರ್ ಮತ್ತು ಫಿಲ್ಟರ್ ಸರಿ ಇವೆ. ಆದರೆ ಎಸಿ ಗುಂಡಿ ಒತ್ತಿದಾಗ ಕಂಪ್ರೆಸರಿನ ಕ್ಲಚ್ ‘ಟಕ್’ ಎಂದು ಕೂಡುವ ಸದ್ದಿಲ್ಲ. ಫ್ಯೂಸ್ ಸುಟ್ಟಿಲ್ಲ. ಹಾರ್ನಿನ ರಿಲೇಯೂ ಎಸಿಯ ರಿಲೇಯ ಮಾದರಿಯದೇ. ಎರಡನ್ನೂ ಅದಲುಬದಲು ಮಾಡಿದರೂ ಕ್ಲಚ್ ಕೂಡಲಿಲ್ಲ, ಹಾರ್ನ್ ಮಾತ್ರ ಹೊಡೆಯಿತು. ಹಾಗಾದರೆ ತಪ್ಪು ರಿಲೇಯದಲ್ಲ.

ಹೋದ ಬೇಸಿಗೆಯಲ್ಲೂ ಹೀಗೇ ಆಗಿತ್ತು. ಆಗ ಒಂದು ಅಂಗಡಿಯವರು ‘ಗ್ಯಾಸ್ ತೀರ್ಯಾದ’ ಅಂದು ತುಂಬಿ, ದುಡ್ಡು ಎಣಿಸಿಕೊಂಡು ಕಳಿಸಿದ್ದರು. ಏಕೆ ತೀರಿತು ಎಂದು ಯಾರೂ ನೋಡಲಿಲ್ಲ. ನಾಳೆ ಕಲಬುರಗಿಯ ಬೇರೆ ಮಿಸ್ತ್ರಿಯ ಹತ್ತಿರ ಒಯ್ಯುತ್ತೇನೆ.

ಏಪ್ರಿಲ್ 17, ಗುರುವಾರ

ಮಿಸ್ತ್ರಿ ವಯಸ್ಸಿನಲ್ಲಿ ಸಣ್ಣವನು, ಕೆಲಸದಲ್ಲಿ ದೊಡ್ಡವನು. ಇಂಜಿನ್ ಬಂದ್ ಮಾಡಿಸಿ ನೀಲಿ, ಕೆಂಪು ಗೇಜುಗಳನ್ನು ಜೋಡಿಸಿದ. ಆರ್-134ಎ ಗ್ಯಾಸ್ ಒಳಗೆ ಸಾಕಷ್ಟಿದ್ದರೆ, 38–40 ಡಿಗ್ರಿಯ ಬಿಸಿಯಲ್ಲಿ ನಿಂತ ಗಾಡಿಯಲ್ಲೇ ಎರಡೂ ಮುಳ್ಳು ಸುಮಾರು 125–130 ಪಿಎಸ್‌ಐ ತೋರಿಸಬೇಕು. ಇಲ್ಲಿ 20ರ ಹತ್ತಿರ ನಿಂತಿದ್ದವು.

‘ಗ್ಯಾಸ್ ತೀರಂಗಿಲ್ರಿ ಸರ. ಸುಟ್ಟು ಹೋಗಲಾಕ ಪೆಟ್ರೋಲ್ ಅಲ್ಲ ಅದು, ಒಳಗೇ ಸುತ್ತತದ. ಕಡಿಮಿ ಆಗ್ಯಾದಂದ್ರ ಎಲ್ಲ್ಯಾರ ಲೀಕ್ ಅದ.’

ಒಂದು ವರ್ಷದಿಂದ ನನಗೆ ಬೇಕಾಗಿದ್ದದ್ದು ಈ ಮಾತು. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ತಿರುಗುತ್ತದೆ. ಗ್ಯಾಸ್ ಕಡಿಮೆಯಾದರೆ ಎಣ್ಣೆಯಿಲ್ಲದೆ ಕಂಪ್ರೆಸರ್ ಜಾಮ್ ಆದೀತೆಂದು ಪ್ರೆಷರ್ ಸ್ವಿಚ್ಚು ಕ್ಲಚ್ಚನ್ನು ಕೂಡಲು ಬಿಡುವುದಿಲ್ಲ. ನಿನ್ನೆ ‘ಟಕ್’ ಕೇಳದಿದ್ದುದಕ್ಕೆ ಕಾರಣ ಇದೇ.

ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಮಷೀನಿಗೆ ಎಳೆದುಕೊಂಡ. ಆಮೇಲೆ ನೈಟ್ರೋಜನ್ ತುಂಬಿ ಪೈಪಿನ ಜೋಡಣೆಗಳಿಗೆಲ್ಲ ಸಾಬೂನಿನ ನೀರು ಹಚ್ಚುತ್ತ ಬಂದ. ಗುಳ್ಳೆ ಎದ್ದದ್ದು ರೇಡಿಯೇಟರಿನ ಮುಂದಿರುವ ಕಂಡೆನ್ಸರಿನ ಕೆಳಮೂಲೆಯಲ್ಲಿ. ಅಲ್ಲಿ ಧೂಳು ಎಣ್ಣೆ ಹಿಡಿದು ಕಪ್ಪಾಗಿತ್ತು. ಯಾವುದೋ ಲಾರಿಯ ಚಕ್ರದಿಂದ ಸಿಡಿದ ಖಡಿ ಬಡಿದಿರಬೇಕು; ನಮ್ಮ ರಸ್ತೆಯಲ್ಲಿ ಇದು ದಿನದ ಮಾತು.

ಮಧ್ಯಾಹ್ನದ ಹೊತ್ತಿಗೆ ಹೊಸ ಕಂಡೆನ್ಸರ್ ಬಂತು. ಓ-ರಿಂಗುಗಳಿಗೆ ಎಣ್ಣೆ ಸವರಿ ಕೂಡಿಸಿದ, ತೇವ ಹೀರುವ ಡ್ರೈಯರನ್ನೂ ಬದಲಿಸಿದ. ಅರ್ಧ ತಾಸು ವ್ಯಾಕ್ಯೂಮ್ ಪಂಪು ಓಡಿತು. ಒಳಗಿನ ತೇವ ಕಡಿಮೆ ಒತ್ತಡದಲ್ಲಿ ಆವಿಯಾಗಿ ಹೊರಬರಬೇಕು. ಉಳಿದರೆ ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತದೆ, ಆಮ್ಲವಾಗಿ ಲೋಹ ತಿನ್ನುತ್ತದೆ. ಪಂಪು ನಿಲ್ಲಿಸಿದ ಮೇಲೂ ಮುಳ್ಳು ಕದಲಲಿಲ್ಲ. ಬಾನೆಟ್ಟಿನ ಒಳಗಿನ ಚೀಟಿಯಲ್ಲಿದ್ದಂತೆ 450 ಗ್ರಾಂ ತೂಗಿ ತುಂಬಿದ. ‘ಹೆಚ್ಚು ಹಾಕಿದ್ರೂ ತಂಪು ಬರಂಗಿಲ್ರಿ’ ಅಂದ. ಥರ್ಮಾಮೀಟರನ್ನು ಗಾಳಿ ಬರುವ ಕಿಂಡಿಗೆ ಹಿಡಿದರೆ 9 ಡಿಗ್ರಿ.

ರಾತ್ರಿ ಲೆಕ್ಕ ಹಾಕಿದೆ. ಪಿಯು ಮಕ್ಕಳಿಗೆ 1987ರ ಮಾಂಟ್ರಿಯಲ್ ಒಪ್ಪಂದದ ಪಾಠ ಹೇಳುವವನು ನಾನು. ಓಝೋನ್ ಪದರಕ್ಕೆ ಕೇಡೆಂದು ಹಳೆಯ ಆರ್-12 ಹೋಯಿತು, ಅದರ ಜಾಗಕ್ಕೆ ಬಂದದ್ದು ಈ ಆರ್-134ಎ. ಇದು ಓಝೋನಿಗೆ ಕೇಡು ಮಾಡುವುದಿಲ್ಲ. ಆದರೆ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಅದಕ್ಕೆಂದೇ ಅದೇ ಒಪ್ಪಂದಕ್ಕೆ 2016ರಲ್ಲಿ ಕಿಗಾಲಿ ತಿದ್ದುಪಡಿ ಬಂತು, 2021ರಲ್ಲಿ ಭಾರತವೂ ಒಪ್ಪಿತು. 450 ಗ್ರಾಂ ಸೋರಿದರೆ ಸುಮಾರು 640 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ತೂತು ಮುಚ್ಚದೆ ಗ್ಯಾಸ್ ತುಂಬುವುದೆಂದರೆ ಗಿರಾಕಿಯ ದುಡ್ಡೂ ಹಾಳು, ಊರಿನ ಬಿಸಿಲಿಗೂ ಇನ್ನಷ್ಟು ಬಿಸಿಲು ಕೂಡಿಸಿದಂತೆ.

ಏಪ್ರಿಲ್ 18, ಶುಕ್ರವಾರ

ಅಪ್ಪ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಮನೆಗೆ ಬಂದು ಬಿಪಿ ನೋಡಿದೆ, ಇಳಿದಿರಲಿಲ್ಲ. ನೀರು ಕೇಳಲಿಲ್ಲ.

ಏಪ್ರಿಲ್ 20, ಭಾನುವಾರ

ಪಕ್ಕದ ಮನೆಯ ಹುಡುಗ ಟ್ಯಾಕ್ಸಿ ಓಡಿಸುತ್ತಾನೆ. ‘ಕಾಕಾ, ಎಸಿ ತಂಪು ಬಿಟ್ಟದ, ಗ್ಯಾಸ್ ಹಾಕಿಸಿ ಬರ್ತೀನಿ’ ಎಂದು ಹೊರಟಿದ್ದ. ನಿಲ್ಲಿಸಿ, ಮೊದಲು ಮುಂದಿನ ಜಾಲರಿಯೊಳಗೆ ಟಾರ್ಚ್ ಹಾಕಿದೆವು. ಅವನ ಕಂಡೆನ್ಸರಿನಲ್ಲಿ ಎಣ್ಣೆಯ ಕಲೆ ಇರಲಿಲ್ಲ. ಎಸಿ ಹಾಕಿದಾಗ ಕ್ಲಚ್ ಕೂಡಿತು, ಆದರೆ ಕಂಡೆನ್ಸರಿನ ಫ್ಯಾನ್ ತಿರುಗಲಿಲ್ಲ. ಅವನಿಗೆ ಬೇಕಾದದ್ದು ಫ್ಯಾನಿನ ರಿಪೇರಿ, ಗ್ಯಾಸ್ ಅಲ್ಲ. ಮಿಸ್ತ್ರಿಯ ನಂಬರು ಕೊಟ್ಟು ಕಳಿಸಿದೆ. ಗ್ಯಾಸ್ ಹಾಕುವ ಪ್ರಸಂಗ ಬಂದರೆ ಎಷ್ಟು ಗ್ರಾಂ ಎಂದು ಬಿಲ್ಲಿನಲ್ಲಿ ಬರೆಸಿಕೊ ಎಂದೆ. ನನ್ನ ಬಿಲ್ಲನ್ನು ಗಾಡಿಯ ಕಾಗದಗಳ ಜೊತೆ ಇಟ್ಟಿದ್ದೇನೆ.