ಇಟ್ಟಮಡುವಿಗೊಬ್ಬ ಕಿಂದರಿಜೋಗಿ

ಹೆಸರಿನಲ್ಲಿ ಮಡುವಿದ್ದರೂ ಇಟ್ಟಮಡುವಿನಲ್ಲಿ ಈಗ ತುಂಬಿರುವುದು ಮನೆಗಳೇ. ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಚಿಕ್ಕಲ್ಲಸಂದ್ರಗಳ ನಡುವಿನ ಈ ಬಡಾವಣೆಯಲ್ಲಿ ಸಣ್ಣ ಸೈಟಿನ ಮೇಲೂ ಮೂರಂತಸ್ತು ಏಳುತ್ತದೆ. ಮಕ್ಕಳ ಪಾಲಿಗೆ ಉಳಿಯುವುದು ಬೀದಿ. ದಕ್ಷಿಣ ಬೆಂಗಳೂರಿನ ಇಂಥ ಬೀದಿಗಳು ವರ್ಷಕ್ಕೆ ಒಂದೆರಡು ಸಲ ರಂಗಮಂಟಪಗಳಾಗುತ್ತವೆ. ಭಾದ್ರಪದದಲ್ಲಿ ಗಣಪತಿ ಕೂರಿಸಿದಾಗ, ನವೆಂಬರಿನಲ್ಲಿ ಕನ್ನಡದ ಬಾವುಟ ಏರಿಸಿದಾಗ, ಶಾಮಿಯಾನದಡಿ ಹಲಗೆ ಹಾಸಿ ಮಕ್ಕಳನ್ನು ಕುಣಿಸುವುದುಂಟು. ಸಿನಿಮಾ ಹಾಡು ಮೊಳಗುತ್ತದೆ, ಕೈಕಾಲು ಆಡುತ್ತವೆ, ತುಟಿಯೂ ಅಲುಗುತ್ತದೆ. ದನಿ ಮಾತ್ರ ಬೇರೆ ಯಾರದೋ. ಬಾಯಿದ್ದೂ ಮಾತಿಲ್ಲದ ಕುಣಿತ ಅದು.

ಅದೇ ಮಕ್ಕಳು ಮನೆಯಲ್ಲಿ ಮೊಬೈಲು ನೋಡಿ ಬಡಬಡ ಎನ್ನಲು ಹೊರಟರೆ ಹಿರಿಯರಿಗೆ ದಿಗಿಲು.

‘ಏನಮ್ಮಾ ಇದು, ಹಾಡೋ ಜಗಳವೋ?’

‘ರ‍್ಯಾಪ್ ತಾತ.’

‘ರಾಗ ಎಲ್ಲಿ?’

‘ರಾಗ ಇಲ್ಲ ತಾತ, ತಾಳ ಇದೆ.’

ಯಾವ ಮನೆಯಲ್ಲಾದರೂ ನಡೆಯಬಹುದಾದ ಈ ಸಂಭಾಷಣೆಯಲ್ಲಿ ಮೊಮ್ಮಗಳ ಉತ್ತರವೇ ಸರಿ. ತಾಳಕ್ಕೆ ತಕ್ಕಂತೆ ಪ್ರಾಸ ಹೊಂದಿಸಿ ಆಡುವ ಮಾತೇ ರ‍್ಯಾಪ್. ಅದು ಹಿಪ್ ಹಾಪ್ ಎಂಬ ದೊಡ್ಡ ಕುಟುಂಬದ ಒಂದು ಕುಡಿ. ಬ್ರೇಕ್ ಡ್ಯಾನ್ಸ್ ಇನ್ನೊಂದು. ತಾತನ ದಿಗಿಲಿಗೂ ಕಾರಣವಿಲ್ಲದಿಲ್ಲ. ಕುಡಿತ, ಗತ್ತುಗಾರಿಕೆಗಳನ್ನು ಹೊಗಳುವ ರ‍್ಯಾಪ್ ಹಾಡುಗಳು ಕನ್ನಡದಲ್ಲೂ ಬಂದಿವೆ. ಆದರೆ ಈ ಕಲೆ ಹುಟ್ಟಿದ್ದು ಒಂದು ಶಾಲಾ ಹುಡುಗಿಯ ಬಟ್ಟೆಯ ಖರ್ಚಿಗಾಗಿ ಎಂಬುದು ಎಷ್ಟು ತಾತಂದಿರಿಗೆ ಗೊತ್ತು?

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆ ತೆರೆಯುವ ಮುನ್ನ ಹೊಸ ಉಡುಪು ಕೊಳ್ಳಲು ಹಣ ಕೂಡಿಸಬೇಕೆಂದು, ತಾವಿದ್ದ ಕಟ್ಟಡದ ಸಾಮೂಹಿಕ ಕೋಣೆಯಲ್ಲಿ ಒಂದು ಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ಅಣ್ಣ ಕ್ಲೈವ್, ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು, ಗ್ರಾಮಫೋನ್ ತಟ್ಟೆಗಳನ್ನು ಹಾಕಿದ. ಹಾಡಿನ ನಡುವೆ ಬರಿಯ ವಾದ್ಯದ ಬಡಿತ ಬರುವ ತುಣುಕಿಗೆ ಜನ ಹುಚ್ಚೆದ್ದು ಕುಣಿಯುವುದನ್ನು ಕಂಡು, ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ತಿರುಗಿಸಿ ಆ ತುಣುಕನ್ನೇ ಉದ್ದ ಮಾಡುವ ಯುಕ್ತಿ ಅವನದು. ಜನ ಹೆಚ್ಚಾದಂತೆ ಕೂಟ ಪಾರ್ಕಿಗೆ ಬಂತು. ಬೀದಿದೀಪದ ಕಂಬದಿಂದಲೇ ಕರೆಂಟು. ಪೆಂಡಾಲು ಕಟ್ಟುವವರಿಗೆ ಈ ವಿದ್ಯೆ ಹೊಸದೇನಲ್ಲ! ಅಲ್ಲಿಂದ ಹೊರಟ ತಾಳ 2015ರಲ್ಲಿ ‘ಹ್ಯಾಮಿಲ್ಟನ್’ ಎಂಬ ಸಂಗೀತನಾಟಕವಾಗಿ ಅಮೆರಿಕದ ಇತಿಹಾಸವನ್ನೇ ಹೇಳಿತು. ಬ್ರೇಕ್ ಡ್ಯಾನ್ಸ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಯಿತು.

ಇದನ್ನು ಕನ್ನಡದ ಮಕ್ಕಳ ನಾಟಕವಾಗಿಸುವುದು ಪರದೇಶದ ಸರಕನ್ನು ಹೊತ್ತು ತಂದಂತೆ ಎನ್ನುವವರು ಒಮ್ಮೆ ಪ್ರಸ್ತಾರ ಹಾಕಿ ನೋಡಬೇಕು. ರ‍್ಯಾಪ್‌ನ ಒಂದು ಆವರ್ತಕ್ಕೆ ನಾಲ್ಕು ಪೆಟ್ಟು. ಪ್ರತಿ ಪೆಟ್ಟನ್ನೂ ನಾಲ್ಕಾಗಿ ಒಡೆದರೆ ಹದಿನಾರು. ಹರಿಹರ ಮೆರೆಸಿದ ರಗಳೆಗಳಲ್ಲಿ ಮಂದಾನಿಲ ಎಂಬುದೊಂದಿದೆ. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹದಿನಾರು ಮಾತ್ರೆ, ಸಾಲಿನ ಕೊನೆಗೂ ಪ್ರಾಸ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಲಘು ಗುರು ಗುರುತಿಸಿ ಮರೆತುಬಿಟ್ಟ ಲೆಕ್ಕವೇ ಇದು. ಬಾಯಲ್ಲೇ ಡೋಲು ಬಾರಿಸುವ ಬೀಟ್‌ಬಾಕ್ಸ್‌ಗೆ ಬೇಕಾದದ್ದೂ ತುಟಿಯ ಪ, ಹಲ್ಲಿನ ತ, ಗಂಟಲಿನ ಕ, ವರ್ಣಮಾಲೆಯ ವರ್ಗಗಳೇ. ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ ಹದಿನಾರು ಲಘುಗಳನ್ನು ಆಡಬೇಕೆಂದರೆ ಸೆಕೆಂಡಿಗೆ ಆರು ಅಕ್ಷರ. ಲಕಾರ ಳಕಾರ ಕಲೆಸಿದರೆ, ಒತ್ತಕ್ಷರ ನುಂಗಿದರೆ ತಾಳ ತಪ್ಪುತ್ತದೆ. ಕನ್ನಡವನ್ನು ತಡವರಿಸಿ ಓದುವ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇದಕ್ಕಿಂತ ಒಳ್ಳೆಯ ಉಚ್ಚಾರಣೆಯ ಪಾಠ ಬೇಕೆ?

ಬಯಲಿನಲ್ಲಿ ಆಡುವುದಕ್ಕೆ ಒಂದು ತೊಡಕುಂಟು. ಗೋಡೆಯಿಲ್ಲದ ಕಡೆ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 65 ಇದ್ದ ದನಿ ಎಂಟು ಮೀಟರಿನಲ್ಲಿ 47. ಹಾಗೆಂದು ಆಳೆತ್ತರದ ಸ್ಪೀಕರ್ ನಿಲ್ಲಿಸಿದರೆ ಪಕ್ಕದ ಮನೆಯ ಹೃದ್ರೋಗಿಯ ಗತಿ? ಶಬ್ದಮಾಲಿನ್ಯದ 2000ರ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಉಪಾಯ ಸರಳ: ಪ್ರೇಕ್ಷಕರನ್ನು ವೃತ್ತಾಕಾರವಾಗಿ ಹತ್ತಿರ ಕೂರಿಸುವುದು, ಒಬ್ಬರು ಆಡಿದ್ದನ್ನು ಹತ್ತು ಮಂದಿ ಒಟ್ಟಿಗೆ ಎತ್ತಿ ಹೇಳುವುದು, ಒಂದು ತಮಟೆ ಇಟ್ಟುಕೊಳ್ಳುವುದು, ಏಳಕ್ಕೆಲ್ಲ ಮುಗಿಸುವುದು.

ಹೀಗೆ ಮಾಡಿ ತೋರಿಸಿದವರು ಇದ್ದಾರೆ. ಬಿ.ವಿ. ಕಾರಂತರು ನಾಟಕದ ಸಂಗೀತಕ್ಕೆ ಕಲ್ಲು, ಬಿದಿರು, ಡಬ್ಬ ಯಾವುದನ್ನೂ ಬಿಡಲಿಲ್ಲ. ಟ್ಯಾಗೋರರ ಗಿಣಿಯ ಕಥೆಯಿಂದ ಅವರು ಕಟ್ಟಿದ ‘ಪಂಜರ ಶಾಲೆ’ಯಲ್ಲಿ ವಿದ್ಯೆಯ ಹೆಸರಿನಲ್ಲಿ ಹಕ್ಕಿಗೆ ಕಾಗದ ತುರುಕುತ್ತಾರೆ. ಆ ನಾಟಕ ಮಕ್ಕಳನ್ನು ನಗಿಸಿ ದೊಡ್ಡವರನ್ನು ಚುಚ್ಚಿತು. ಪ್ರೇಮಾ ಕಾರಂತರು ‘ಬೆನಕ’ದ ಮಕ್ಕಳ ಕೇಂದ್ರ ನಡೆಸಿದರು. ಮೈಸೂರಿನ ರಂಗಾಯಣದಲ್ಲಿ ಚಿನ್ನರ ಮೇಳದ ಮಕ್ಕಳು ಬೇಸಗೆಯಲ್ಲಿ ಕಲಿತು ಆಡುತ್ತಾರೆ. ಇಟ್ಟಮಡುವಿಗೆ ಹತ್ತಿರದಲ್ಲೇ ಜೆ.ಪಿ. ನಗರದ ರಂಗಶಂಕರವಿದೆ, 2004ರಲ್ಲಿ ಬಾಗಿಲು ತೆರೆದ ಅಲ್ಲಿಯೂ ಮಕ್ಕಳ ನಾಟಕಗಳುಂಟು. ಟಿಕೆಟು ಕೊಂಡು ಅಲ್ಲಿಗೆ ಹೋಗುವವರು ಹೋಗಲಿ. ಹೋಗಲಾಗದ ಮನೆಯ ಬಾಗಿಲಿಗೇ ನಾಟಕ ಬರಬೇಕಾದರೆ ಬಯಲೇ ಬೇಕು.

ಕಥೆಯನ್ನೂ ದೂರ ಹುಡುಕಬೇಕಾಗಿಲ್ಲ. ಜರ್ಮನಿಯ ಹ್ಯಾಮೆಲಿನ್ ಊರಿನ ಐತಿಹ್ಯವನ್ನು 1842ರಲ್ಲಿ ಬ್ರೌನಿಂಗ್ ಇಂಗ್ಲಿಷ್ ಕವನವಾಗಿಸಿದ. ಕುವೆಂಪು ಅದನ್ನು ಬೊಮ್ಮನಹಳ್ಳಿಗೆ ಕರೆತಂದು ಕೊಳಲಿನ ಜಾಗದಲ್ಲಿ ಕಿಂದರಿ ಕೊಟ್ಟರು. ಇಂದು ಆ ಜೋಗಿಯನ್ನು ಪರದೇಶದವನು ಎನ್ನುವವರಿಲ್ಲ. ಅವನೇ ಹಿಪ್ ಹಾಪ್ ತಾಳ ಹಿಡಿದು ಇಟ್ಟಮಡುವಿಗೆ ಬಂದರೆ ಏನು ತಪ್ಪು? ಒಂದನೇ ತರಗತಿಯವರೆಲ್ಲ ಇಲಿಗಳು. ಹೈಸ್ಕೂಲಿನವರು ಮಾತು ಕಟ್ಟುವ ಕವಿಗಳು. ಅಮ್ಮಂದಿರು ಇಲಿಯ ಬಾಲ ಹೊಲಿಯುವವರು. ಮಾತಿಗೆ ತಪ್ಪುವ ಊರ ಹಿರಿಯನ ಪಾತ್ರಕ್ಕೆ ರಾಗ ಕೇಳಿದ ತಾತನೇ ಸರಿ.

ಸಂಗೀತಗಾರನೊಬ್ಬ ಮಕ್ಕಳನ್ನು ಎಳೆದೊಯ್ದ ಎಂದು ಆ ಕಥೆಯನ್ನು ನೆನೆಯುವವರೇ ಹೆಚ್ಚು. ಕಥೆಯ ಗಂಟಿರುವುದು ಬೇರೆ ಕಡೆ. ಇಲಿ ಓಡಿಸಿದವನಿಗೆ ಒಪ್ಪಿದ್ದನ್ನು ಕೊಡದೆ ದೊಡ್ಡವರು ಮಾತಿಗೆ ತಪ್ಪಿದರು, ತೆತ್ತವರು ಮಕ್ಕಳು. ಕೈಯಲ್ಲಿನ ಪುಟ್ಟ ಪರದೆ ಮಕ್ಕಳನ್ನು ಎಳೆದೊಯ್ಯುತ್ತಿದೆ ಎಂದು ಇಂದು ಮನೆಮನೆಯಲ್ಲಿ ದೂರು. ಆಡಲು ಬಯಲು, ಹೇಳಲು ಮಾತು, ಕೇಳಲು ಒಂದು ಗಂಟೆಯ ಪುರುಸೊತ್ತು ದೊಡ್ಡವರು ಮಕ್ಕಳಿಗೆ ಕೊಡಬೇಕಾಗಿದ್ದ ಬಾಕಿ. ಮುಂದಿನ ಗಣೇಶನ ಹಬ್ಬದಲ್ಲಿ ರೆಕಾರ್ಡು ನಿಲ್ಲಿಸಿ, ಆ ಬಾಕಿಯಲ್ಲಿ ಒಂದು ಸಂಜೆಯಷ್ಟನ್ನಾದರೂ ತೀರಿಸಬಹುದು.