ಎದ್ದುಹೋಗಿ ಗೆಲ್ಲಿಸಿದ ಪುಣ್ಯಾತ್ಮ

ಬೇಸ್‌ಬಾಲಿನಲ್ಲಿ ನನಗೆ ಬೇಬ್ ರೂತ್‌ಗಿಂತ ಡಾನ್ ಜಿಮ್ಮರ್ ಮೇಲೆ ಒಂದು ಗುಲಗಂಜಿ ಪ್ರೀತಿ ಜಾಸ್ತಿ. ಆಟಗಾರನಾಗಿ ಆತನ ಸರಾಸರಿ .235. ಅಂದರೆ ನಾಲ್ಕು ಸಲ ಬ್ಯಾಟ್ ಹಿಡಿದು ನಿಂತರೆ ಪೂರ್ತಿ ಒಂದು ಹಿಟ್ಟೂ ಇಲ್ಲ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿ ಸತತ 34 ಸಲ ಬರಿಗೈ. ಕೊನೆಗೊಂದು ಹಿಟ್ ಹೊಡೆದ ಕೆಲವೇ ದಿನಗಳಲ್ಲಿ ಬೇರೆ ತಂಡಕ್ಕೆ ಸಾಗಹಾಕಿದರು. ಬೆಲೆ ಬಂದಾಗಲೇ ಮಾರಬೇಕಲ್ಲವೇ!

ಚಾಂಪಿಯನ್ನರನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ 1955ರ ಏಳನೇ ಪಂದ್ಯದಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಸೆಕೆಂಡ್ ಬೇಸ್ ಕಾಯುತ್ತಿದ್ದವನು ಜಿಮ್ಮರ್. ಬ್ಯಾಟಿಂಗ್ ಸರದಿ ಬಂದಾಗ ಬೇರೊಬ್ಬನನ್ನು ಕಳಿಸಿದರು. ಖಾಲಿಯಾದ ಜಾಗಕ್ಕೆ ಲೆಫ್ಟ್ ಫೀಲ್ಡಿನಿಂದ ಗಿಲಿಯಮ್ ಬಂದ, ಅವನ ಜಾಗಕ್ಕೆ ಸ್ಯಾಂಡಿ ಅಮೊರೊಸ್. ಹೋದವನೇ ಅಮೊರೊಸ್, ಎದುರಾಳಿ ಯೋಗಿ ಬೆರಾ ಗೆರೆಯಂಚಿಗೆ ಹೊಡೆದ ಚೆಂಡನ್ನು ಓಡೋಡಿ ಹಿಡಿದ. ಡಾಡ್ಜರ್ಸ್ ಗೆದ್ದರು; ಬ್ರೂಕ್ಲಿನ್‌ಗೆ ಸಿಕ್ಕ ಒಂದೇ ಒಂದು ವರ್ಲ್ಡ್ ಸೀರೀಸ್ ಪ್ರಶಸ್ತಿ ಅದು. ಜಿಮ್ಮರ್ ಎದ್ದುಹೋಗದಿದ್ದರೆ? ನಮ್ಮ ಕಚೇರಿಗಳಲ್ಲೂ ಹೀಗೆ ಎದ್ದುಹೋಗಿ ಉಪಕಾರ ಮಾಡಬಲ್ಲವರಿದ್ದಾರೆ, ಏಳುವುದಿಲ್ಲ, ಅಷ್ಟೆ.

ಅದಕ್ಕೂ ಮೊದಲೇ, 1953ರಲ್ಲಿ, ಕೆಳದರ್ಜೆಯ ಲೀಗಿನಲ್ಲಿ ಚೆಂಡು ಕಪಾಲಕ್ಕೆ ಬಡಿದು ದಿನಗಟ್ಟಲೆ ಪ್ರಜ್ಞೆ ಇರಲಿಲ್ಲ. ತಲೆಬುರುಡೆಗೆ ತೂತು ಕೊರೆದು ಲೋಹದ ಬಿರಡೆ ಜಡಿದರು. ಬೇರೆ ಯಾರೇ ಆಗಿದ್ದರೂ ಅಂಗಡಿ ಇಟ್ಟುಕೊಂಡು ಕೂರುತ್ತಿದ್ದರು. ಎಲ್ಮೈರಾದ ಮೈದಾನದಲ್ಲಿ ಹೋಮ್ ಪ್ಲೇಟ್ ಮೇಲೆಯೇ ನಿಂತು ಮದುವೆಯಾದವನಿಗೆ ಅಂಗಡಿ ಎಲ್ಲಿ ಒಗ್ಗೀತು?

ಕೋಚ್ ಆದ ಮೇಲೂ ಗ್ರಹಚಾರ ತಪ್ಪಲಿಲ್ಲ. 1975ರ ವರ್ಲ್ಡ್ ಸೀರೀಸ್, ಆರನೇ ಪಂದ್ಯ, ಒಂಬತ್ತನೇ ಇನಿಂಗ್ಸ್. ಬಾಸ್ಟನ್ನಿನ ಥರ್ಡ್ ಬೇಸ್ ಕೋಚ್ ಜಿಮ್ಮರ್ ‘ನೋ, ನೋ, ನೋ’ ಎಂದು ಕಿರುಚಿದ. ಜನರ ಗದ್ದಲದಲ್ಲಿ ಥರ್ಡ್ ಬೇಸ್‌ನಲ್ಲಿದ್ದ ಡೆನ್ನಿ ಡಾಯ್ಲ್‌ಗೆ ಕೇಳಿದ್ದು ‘ಗೋ, ಗೋ, ಗೋ’. ಓಡಿದ, ಔಟಾದ. ಹನ್ನೆರಡನೇ ಇನಿಂಗ್ಸ್‌ನಲ್ಲಿ ಅದೇ ತಂಡದ ಫಿಸ್ಕ್ ಹೋಮ್ ರನ್ ಹೊಡೆದು ಮಾನ ಉಳಿಸಿದ.

ಮುಂದೆ ಯಾಂಕೀಸ್‌ನ ಬೆಂಚ್ ಕೋಚ್. ಮ್ಯಾನೇಜರ್ ಜೋ ಟೊರೆ ಪಕ್ಕ ಕೂತು ಕಿವಿಯಲ್ಲಿ ಪಿಸುಗುಟ್ಟುವ ಕೆಲಸ. 1999ರಲ್ಲಿ ಅಲ್ಲಿಗೂ ಒಂದು ಫೌಲ್ ಚೆಂಡು ಹುಡುಕಿಕೊಂಡು ಬಂದು ಬಡಿಯಿತು. ಮುಂದಿನ ಪಂದ್ಯಕ್ಕೆ ಈ ಪುಣ್ಯಾತ್ಮ ಸೈನಿಕರ ಹೆಲ್ಮೆಟ್ ಹಾಕಿಕೊಂಡು ಬೆಂಚಿನ ಮೇಲೆ ಹಾಜರು! ಗಂಭೀರವದನ, ಉಬ್ಬಿದ ಕೆನ್ನೆ. ಆ ಫೋಟೊ ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಗಂಟಲೂ ಕಟ್ಟುತ್ತದೆ. 2003ರಲ್ಲಿ, 72ರ ಪ್ರಾಯದಲ್ಲಿ, ಪಂದ್ಯದ ಜಗಳದಲ್ಲಿ ಎದುರಾಳಿ ಪಿಚರ್ ಪೆಡ್ರೊ ಮಾರ್ಟಿನೆಜ್ ಮೇಲೆ ಏರಿಹೋಗಿ ನೆಲಕ್ಕುರುಳಿದ. ಮರುದಿನ ಪತ್ರಕರ್ತರೆದುರು ಕ್ಷಮೆ ಕೇಳುತ್ತ ಅತ್ತುಬಿಟ್ಟ.

ಕೊನೆಯ ದಿನಗಳಲ್ಲಿ ಟ್ಯಾಂಪಾ ಬೇ ರೇಸ್ ತಂಡದ ಸಲಹೆಗಾರ. ಬೇಸ್‌ಬಾಲಿನಲ್ಲಿ ಎಷ್ಟು ವರ್ಷ ಕಳೆಯಿತೋ ಅದೇ ಅಂಗಿಯ ನಂಬರು, ವರ್ಷವರ್ಷವೂ ಬದಲು. 2014ರಲ್ಲಿ ತೀರಿಕೊಂಡಾಗ ಅದು 66. ಮರುವರ್ಷ ರೇಸ್ ತಂಡ ಆ ನಂಬರನ್ನು ಇನ್ಯಾರಿಗೂ ಕೊಡುವುದಿಲ್ಲವೆಂದು ತೆಗೆದಿಟ್ಟಿತು. ರೇಸ್ ಪರ ಆತ ಆಡಿದ ಪಂದ್ಯಗಳು ಎಷ್ಟು ಅಂದಿರಾ? ಸೊನ್ನೆ.