ಲ್ಯಾಬಿನಲ್ಲಿ ಕಲಿತ ಅನುಮಾನ

ಪಿಸಿಎಂ (ಭೌತ, ರಸಾಯನ, ಗಣಿತ) ಓದಿದವರು, ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದವರು ಎಂದು ನಮ್ಮ ಬಿ.ಎಸ್ಸಿ.ಯವರಲ್ಲಿ ಎರಡು ಪಂಗಡ. ಮೂರು ವರ್ಷ ಒಂದೇ ಕ್ಯಾಂಪಸ್ಸಿನಲ್ಲಿ ಓಡಾಡಿದರೂ ಇವರು ಮೈಕ್ರೋಸ್ಕೋಪಿಗೆ ಕಣ್ಣಿಡುವುದಿಲ್ಲ, ಅವರು ಲೋಲಕ ತೂಗುವುದಿಲ್ಲ. ಇಬ್ಬರೂ ಒಂದೇ ಮೇಜಿಗೆ ಬರುವುದು ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾತ್ರ.

ಆ ಮೇಜಿನ ಸೊಗಸೇ ಬೇರೆ. ಫ್ಲಾಸ್ಕಿನಲ್ಲಿ ಆಮ್ಲ, ಎರಡು ಹನಿ ಫಿನಾಲ್ಫ್ಥಲೀನ್, ಮೇಲೆ ಬ್ಯೂರೆಟ್ಟಿನಲ್ಲಿ ಕ್ಷಾರ. ಹನಿ ಬಿದ್ದಲ್ಲಿ ಗುಲಾಬಿ ಮೂಡುತ್ತದೆ, ಅಲ್ಲಾಡಿಸಿದರೆ ಮಾಯ. ಕೊನೆಗೊಂದು ಹನಿಗೆ ಬಣ್ಣ ತೆಳ್ಳಗೆ ನಿಂತುಬಿಡುತ್ತದೆ. ಅವಸರಪಟ್ಟರೆ ಕಡುಗುಲಾಬಿ, ಮತ್ತೆ ಮೊದಲಿನಿಂದ. ರೀಡಿಂಗುಗಳು ತಾಳೆಯಾಗುವ ತನಕ ಬಿಡುಗಡೆಯಿಲ್ಲ. ಒಂದು ಸಲ ಕಂಡದ್ದನ್ನು ನಂಬಬಾರದೆಂದು ಕೈಗೇ ಗೊತ್ತಾಗುವುದು ಅಲ್ಲಿ.

ಆದರೆ ಇದೊಂದೇ ಸಾಲದು. ಲೋಲಕ ಕಲಿಸುವ ಅನುಮಾನ ಇನ್ನೊಂದು ಬಗೆಯದು. ಸ್ಟಾಪ್‌ವಾಚ್ ಒತ್ತಿದ ಕ್ಷಣವನ್ನು ಸೊನ್ನೆ ಎನ್ನದೆ ‘ಒಂದು’ ಎಂದು ಶುರುಮಾಡಿ ಇಪ್ಪತ್ತರವರೆಗೆ ಎಣಿಸಿದರೆ, ನಿಜಕ್ಕೂ ಆಗಿರುವುದು ಹತ್ತೊಂಬತ್ತೇ ತೂಗು, ತೂಗಿನ ಕಾಲದಿಂದ ಲೆಕ್ಕ ಹಾಕಿದಾಗ 9.8 ಬರಬೇಕಾದ ಗುರುತ್ವ 10.9ಕ್ಕೆ ಏರುತ್ತದೆ. ಆ ಹೆಚ್ಚಳ ಎಲ್ಲಿಂದ ಬಂತೆಂದು ಹುಡುಕಿದವಳಿಗೆ ಭೌತಶಾಸ್ತ್ರ ದಕ್ಕಿತು. ಪಕ್ಕದವರ ರೆಕಾರ್ಡ್ ನೋಡಿ 9.8 ಬರೆದವಳಿಗೆ ದಕ್ಕಿದ್ದು ಅಂಕ ಮಾತ್ರ.

ಇನ್ನು ಈರುಳ್ಳಿ ಬೇರಿನ ತುದಿ. ಪುಸ್ತಕದಲ್ಲಿ ಕೋಶವಿಭಜನೆಯ ಹಂತಗಳು ಒಂದರ ಪಕ್ಕ ಒಂದು ಒಪ್ಪವಾಗಿ ನಿಂತಿರುತ್ತವೆ. ಸ್ಲೈಡಿನಲ್ಲಿ ನೋಡಿದರೆ ಬಹುಪಾಲು ಕೋಶಗಳು ವಿಭಜನೆಗೇ ಇಳಿದಿರುವುದಿಲ್ಲ. ಎಷ್ಟೋ ಹೊತ್ತು ಸ್ಲೈಡ್ ಸರಿಸಿದ ಮೇಲೆ ನಡುವೆ ಸಾಲುಗಟ್ಟಿದ ಕ್ರೋಮೋಸೋಮುಗಳ ಒಂದು ಕೋಶ ಕಂಡರೆ ಪುಣ್ಯ. ಜೀವಲೋಕ ಚಿತ್ರದಂತೆ ಇರುವುದಿಲ್ಲ, ಒಂದು ಕೋಶದಂತೆ ಇನ್ನೊಂದಿಲ್ಲ ಎಂಬ ಅರಿವು ಪಿಸಿಎಂನವರಿಗೂ ಬೇಡವೆ? ನಾಳೆ ಅವರ ಕೈಗೂ ರಕ್ತಪರೀಕ್ಷೆಯ ರಿಪೋರ್ಟು ಬರುತ್ತದೆ. ನಾರ್ಮಲ್ ಎಂಬ ಕಾಲಮ್ಮಿನಲ್ಲಿ ಒಂದು ಅಂಕಿಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂದು ಏಕಿದೆಯೆಂದು ತಿಳಿಯಬೇಕು.

ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಯಾವ ಕಾಂಬಿನೇಷನ್ ಓದಿದವರೂ, ವಿಜ್ಞಾನವನ್ನೇ ಓದದವರೂ ಅಲ್ಲಿ ಕೂತು ಎಲ್ಲ ಶಾಸ್ತ್ರಗಳ ಮಾತು ಕೇಳಬಹುದಾಗಿತ್ತು. ಕೇಳಲು ಸಿಕ್ಕಿದ ಆ ಸಲಿಗೆ ಕೈಯಾರೆ ಮಾಡಲೂ ಸಿಗಬೇಕೆಂಬುದು ನನ್ನ ಆಸೆ. ಬಿ.ಕಾಂ. ಹುಡುಗಿಯೂ ಒಂದು ಸೆಮಿಸ್ಟರ್ ಬ್ಯೂರೆಟ್ ಹಿಡಿಯಲಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ 10.9 ಎಂದೇ ಬರೆದು, ಕೆಳಗೆ ಕಾರಣ ವಿವರಿಸಿದವಳಿಗೆ ಪೂರ್ತಿ ಅಂಕ ಕೊಡಲಿ.